ಮುನ್ನೂರ ಇಪ್ಪತ್ತಕ್ಕೆ ಒಂದು

ಕಾಂಪೌಂಡರು ಪಟಾಲಮ್ಮಿಗೆ ಸೇರಿ ಹೊರಟುಹೋದ ಮೇಲೆ ಅವರ ಕೈತಕ್ಕಡಿ ನನ್ನ ಪಾಲಿಗೆ ಬಂತು. ಆಗ ಯುದ್ಧ ನಡೆಯುತ್ತಿತ್ತು. ಬದಲಿ ಕಾಂಪೌಂಡರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಮೂರು ತಿಂಗಳು ಕಾದದ್ದಾಗಿತ್ತು. ನನಗೆ ಹತ್ತೊಂಬತ್ತು ವರ್ಷ. ಮದುವೆಯಾಗಿ ಸಿರಾಕ್ಕೆ ಬಂದು ನಾಲ್ಕು ತಿಂಗಳು. ಯಜಮಾನರು ಅಲ್ಲಿನ ಒಂದು ಸಣ್ಣ ದವಾಖಾನೆಯ ಡಾಕ್ಟರು. ಮುಂದುಗಡೆ ಎರಡು ಕೋಣೆ ಮತ್ತು ಜಗಲಿ, ಹಿಂದುಗಡೆ ನಮ್ಮ ಸಂಸಾರ. ನಡುವಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಮ್ಮ ಸಾರಿನ ಒಗ್ಗರಣೆ ರೋಗಿಗಳಿಗೆ ಹೋಗುತ್ತಿತ್ತು, ಅವರ ಫಿನಾಯಿಲು ನಮಗೆ ಬರುತ್ತಿತ್ತು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮದರ್ ಬಹಳ ಖಡಕ್ಕು. ನೂರಕ್ಕೆ ಐದು ಎಂದು ಯಾರಾದರೂ ಉತ್ತರ ಕೊಟ್ಟರೆ, ಯಾವುದರ ನೂರು, ಯಾವುದರ ಐದು ಎಂದು ಕೇಳಿ ಮೇಜಿನ ಮೇಲೆ ರೂಲುದೊಣ್ಣೆ ಕುಟ್ಟುತ್ತಿದ್ದರು. ಆ ಓದು ಮದುವೆಯಾದ ಮೇಲೆ ಉಪಯೋಗಕ್ಕೆ ಬಂದೀತು ಎಂದು ನಾನು ಎಣಿಸಿರಲಿಲ್ಲ. ದವಾಖಾನೆಯ ಬೀರುವಿನಲ್ಲಿ ನೋಡಿದರೆ ಒಂದೊಂದು ಸೀಸೆಯದೂ ಒಂದೊಂದು ಲೆಕ್ಕ. ಒಂದರ ಮೇಲೆ ಶೇಕಡಾ ಇಷ್ಟು, ಇನ್ನೊಂದರ ಮೇಲೆ ಇಷ್ಟಕ್ಕೆ ಒಂದು, ಮತ್ತೊಂದರ ಮೇಲೆ ಔನ್ಸಿಗೆ ಇಷ್ಟು ಗ್ರೇನು. ನಲವತ್ತಕ್ಕೆ ಒಂದು ಅಂದರೆ ಶೇಕಡಾ ಎರಡೂವರೆ, ಅಂದರೆ ಔನ್ಸಿಗೆ ಸುಮಾರು ಹನ್ನೊಂದು ಗ್ರೇನು. ಹೀಗೆ ಒಂದನ್ನು ಇನ್ನೊಂದಕ್ಕೆ ತಿರುಗಿಸಿ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಯಜಮಾನರು ಅದನ್ನು ನೋಡಿದರು. ಮಾರನೆಯ ದಿನದಿಂದ ಚೀಟಿಗಳನ್ನು ನೇರವಾಗಿ ನನ್ನ ಕೈಗೇ ಕೊಡತೊಡಗಿದರು. ನನಗೆ ಅದೇ ದೊಡ್ಡ ಬಿರುದು.

ಬೇಸಿಗೆಯ ಒಂದು ಬೆಳಿಗ್ಗೆ ಬರಗೂರಿನ ಕಡೆಯಿಂದ ಒಬ್ಬ ಅಜ್ಜಿ, ಸೊಸೆ, ಸೊಸೆಯ ತೋಳಿನಲ್ಲಿ ಏಳು ತಿಂಗಳ ಹೆಣ್ಣುಮಗು ಬಂದರು. ಮಗುವಿಗೆ ಎರಡು ದಿನದಿಂದ ಭೇದಿ. ಯಜಮಾನರು ಅದರ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟು ನೋಡಿದರು. ಮಡಿಕೆ ಬೇಗ ಇಳಿಯಲಿಲ್ಲ. ನೆತ್ತಿಯ ಮೇಲೆ ಬೆರಳಿಟ್ಟರು. ಅವತ್ತು ಅವರು ಮದಲೂರಿಗೆ ಹೊರಡುವ ತರಾತುರಿಯಲ್ಲಿದ್ದರು. ಅಲ್ಲಿ ಕೆರೆ ಹಿಂದಿನ ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಚೀಟಿ ಬರೆದು ನನ್ನ ಕೈಗಿಟ್ಟರು: ಒಂದು ಪೈಂಟು ನೀರಿಗೆ ಇಪ್ಪತ್ತೇಳು ಗ್ರೇನು ಉಪ್ಪು, ಚಿಟಿಕೆ ಸಕ್ಕರೆ.

"ಇವರಿಗೆ ಪೈಂಟೂ ಗೊತ್ತಿಲ್ಲ, ಗ್ರೇನೂ ಗೊತ್ತಿಲ್ಲ. ಮನೆ ಅಳತೆಗೆ ತಿರುಗಿಸಿ ಕೊಟ್ಟುಬಿಡು. ನಾಳೆ ಸಂಜೆಗೆ ಬರ್ತೀನಿ" ಎಂದು ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದರು. ಗ್ರೇನಿನ ತೂಕದ ಬಟ್ಟುಗಳು ಆ ಪೆಟ್ಟಿಗೆಯಲ್ಲಿಯೇ ಹೋದವು.

ನಾನು ಹೆದರಲಿಲ್ಲ. ಹೆದರಬೇಕಾದಾಗ ಹೆದರದೆ ಹೋದೆನಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ನೂರ ಎಂಬತ್ತು ಗ್ರೇನು. ನಾಲ್ಕಾಣೆಯ ಪಾವಲಿ ಅದರ ಕಾಲು ಭಾಗ, ನಲವತ್ತೈದು ಗ್ರೇನು. ಸೇರಿಗೆ ಎಂಬತ್ತು ತೊಲ. ಎಂಬತ್ತು ತೊಲದಲ್ಲಿ ಕಾಲು ತೊಲಗಳು ಎಷ್ಟು? ಮುನ್ನೂರ ಇಪ್ಪತ್ತು. ಹಾಗಾದರೆ ಪಾವಲಿ ತೂಕದ ಉಪ್ಪನ್ನು ಒಂದು ಸೇರು ನೀರಿಗೆ ಹಾಕಿದರೆ ಮುನ್ನೂರ ಇಪ್ಪತ್ತಕ್ಕೆ ಒಂದು. ಇತ್ತ ಪೈಂಟು ನೀರಿನ ತೂಕ ಎಂಟು ಸಾವಿರದ ಏಳುನೂರ ಐವತ್ತು ಗ್ರೇನು; ಅದನ್ನು ಮುನ್ನೂರ ಇಪ್ಪತ್ತರಿಂದ ಭಾಗಿಸಿದರೆ ಇಪ್ಪತ್ತೇಳು ಚಿಲ್ಲರೆ. ಚೀಟಿಯಲ್ಲಿದ್ದದ್ದೂ ಇಪ್ಪತ್ತೇಳು! ಎರಡು ದಾರಿಯಿಂದ ಹೊರಟು ಒಂದೇ ಮನೆಯ ಬಾಗಿಲಿಗೆ ಬಂದು ನಿಂತ ಹಾಗೆ ಆಯಿತು ನನಗೆ.

ಹರಳುಪ್ಪನ್ನು ಕುಟ್ಟಿ, ಜರಡಿ ಹಿಡಿದು, ಕಾವಲಿಯ ಮೇಲೆ ಬೆಚ್ಚಗೆ ಮಾಡಿದೆ; ನೀರಿನ ಪಸೆ ಇದ್ದರೆ ತೂಕ ಸುಳ್ಳು ಹೇಳುತ್ತದೆ. ಕೈತಕ್ಕಡಿಯ ಒಂದು ತಟ್ಟೆಗೆ ಪಾವಲಿ, ಇನ್ನೊಂದಕ್ಕೆ ಉಪ್ಪು. ಮುಳ್ಳು ನೆಟ್ಟಗೆ ನಿಲ್ಲುವ ತನಕ ಒಂದೊಂದೇ ಚಿಟಿಕೆ ಹಾಕಿದೆ, ತೆಗೆದೆ. ಹೀಗೆ ತೂಗಿ, ಚಿಟಿಕೆ ಸಕ್ಕರೆ ಸೇರಿಸಿ, ನಾಲ್ಕು ಪೊಟ್ಟಣ ಕಟ್ಟಿದೆ.

ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದಳು. "ಅಲ್ಲ ಅಮ್ಮಾವ್ರೇ, ನಮ್ಮನೇಲಿ ಉಪ್ಪಿಲ್ಲ ಅಂದ್ಕೊಂಡ್ರಾ? ಕಾಗ್ದದಾಗೆ ಕಟ್ಟಿ ಕೊಡ್ತಿದೀರಲ್ಲ, ಬಂಗಾರದಂಗೆ?"

ದವಾಖಾನೆಯ ಆಯಾ ಬಾಗಿಲ ಬಳಿ ಕೂತಿದ್ದವಳು, "ಲೇ, ಸುಮ್ಕೆ ಇಸ್ಕಳೇ. ಅದು ಓದಿರೋ ಉಪ್ಪು" ಅಂದಳು. ಆಕೆ ಗಂಡ ಸತ್ತ ಮೇಲೆ ಇಪ್ಪತ್ತು ವರ್ಷದಿಂದ ಅಲ್ಲಿಯೇ ಗುಡಿಸಿ, ಸಾರಿಸಿ, ಹೆರಿಗೆಗೂ ಕೈಹಾಕುತ್ತಿದ್ದವಳು. ಆಕೆಯ ಬಾಯಿಗೆ ಯಜಮಾನರೂ ಅಂಜುತ್ತಿದ್ದರು.

ನಾನು ನಗುತ್ತಲೇ ಹೇಳಿದೆ: "ಒಂದು ಪೊಟ್ಟಣಕ್ಕೆ ಒಂದು ಸೇರು ನೀರು. ಚೆನ್ನಾಗಿ ಕುದಿಸಿ ಆರಿಸಿ. ಮಗು ಬಾಯಿ ಬಿಟ್ಟಾಗಲೆಲ್ಲ ಚಮಚದಲ್ಲಿ ಕೊಡ್ತಾ ಇರಿ. ಬೇರೆ ಏನೂ ಬೇಡ."

"ಒಂದು ಪೊಟ್ಣ, ಒಂದು ಸೇರು. ಬಾಯ್ ಬುಟ್ಟಂಗೆಲ್ಲ ಚಮ್ಚ" ಎಂದು ಅಜ್ಜಿ ಮೂರು ಸಲ ಹೇಳಿ, ಪೊಟ್ಟಣಗಳನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಹತ್ತು ಗಂಟೆಯ ಬಸ್ಸಿಗೆ ಹೋದರು.

ನಮ್ಮ ಮನೆಯ ಸಾಮಾನು ಕೊಳ್ಳುವುದು ಅಲ್ಲಿಯ ತನಕ ಅತ್ತೆಯವರ ಕೆಲಸವಾಗಿತ್ತು. ಅವರು ಮಗಳ ಬಾಣಂತನಕ್ಕೆ ಮಧುಗಿರಿಗೆ ಹೋಗಿ ಮೂರು ದಿನವಾಗಿತ್ತು. ಮಧ್ಯಾಹ್ನ ಗಾಣದ ಸಾಬರು ಎಣ್ಣೆಯ ಡಬ್ಬ ಹೊತ್ತು ಹಿತ್ತಲಿಗೆ ಬಂದರು. ಒಂದು ಸೇರು ಕೊಡಿ ಎಂದು ನಾನು ದೊಡ್ಡ ತಂಬಿಗೆ ಹಿಡಿದೆ. ಅವರು ಒಂದು ಪುಟ್ಟ ಹಿತ್ತಾಳೆ ಅಳತೆಯಿಂದ ಒಂದೇ ಸಲ ಸುರಿದು ಡಬ್ಬಕ್ಕೆ ಮುಚ್ಚಳ ಹಾಕಿದರು. ತಂಬಿಗೆಯ ತಳ ಮುಚ್ಚಿ ಸ್ವಲ್ಪ ಮೇಲೆ ಬಂದಿತ್ತು, ಅಷ್ಟೆ.

"ಸಾಬರೇ, ಇದು ಸೇರಾ?" ಎಂದೆ.

"ಅರೆ ಅಮ್ಮಾ, ಪೂರಾ ಸೇರು. ಇಪ್ಪತ್ನಾಕು ತೊಲ. ತೂಗಿ ನೋಡಿ ಬೇಕಾದ್ರೆ."

"ಸೇರಿಗೆ ಎಂಬತ್ತು ತೊಲ ಅಲ್ವಾ?"

ಅವರು ನಕ್ಕರು. "ಅದು ಪಕ್ಕಾ ಸೇರು. ರಾಗಿಗೆ, ಹುಳ್ಳಿಗೆ. ಎಣ್ಣೆ, ತುಪ್ಪ, ಹಾಲು, ನೀರಂಗೆ ಹರಿಯೋದೆಲ್ಲ ನಮ್ಕಡೆ ಕಚ್ಚಾ ಸೇರೇ. ಹಳ್ಳೀಲೂ ಇದೇ. ನಿಮ್ಮತ್ತೆಯೋರ್ನ ಕೇಳಿ, ಅವರ್ಗೆ ಮಾಲೂಮು."

ನೀರ ಹಾಗೆ ಹರಿಯುವುದೆಲ್ಲ.

ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟೆ. ಇಪ್ಪತ್ತನಾಲ್ಕು ತೊಲದಲ್ಲಿ ಕಾಲು ತೊಲಗಳು ತೊಂಬತ್ತಾರು. ತೊಂಬತ್ತಾರಕ್ಕೆ ಒಂದು. ಹೇಳಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ನೀರಿಲ್ಲದೆ ಬತ್ತಿದ ಮಗುವಿನ ಮೈಯೊಳಗೆ ಅಷ್ಟು ಉಪ್ಪು ಹೋದರೆ, ಮೈಯಲ್ಲಿ ಉಳಿದಿರುವ ನೀರನ್ನೂ ಅದು ಎಳೆಯುತ್ತದೆ. ದ್ರಾಕ್ಷಿಯನ್ನು ಉಪ್ಪು ನೀರಿನಲ್ಲಿ ಇಟ್ಟು ಅದು ಸುಕ್ಕುಗಟ್ಟುವುದನ್ನು ನಾವು ಹುಡುಗಿಯರು ಕಾನ್ವೆಂಟಿನಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದೆವು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಹೊಳೆಯಿತು. ಉಪ್ಪು ಕುಡಿದ ಮಗುವಿಗೆ ದಾಹ ಹೆಚ್ಚುತ್ತದೆ. ದಾಹಕ್ಕೆ ಬಾಯಿ ಬಿಡುತ್ತದೆ. ಬಾಯಿ ಬಿಟ್ಟಾಗಲೆಲ್ಲ ಕೊಡಿ ಎಂದು ಹೇಳಿದವಳು ನಾನು.

ಸಾಬರು ದುಡ್ಡಿಗೆ ಕಾದು ನಿಂತಿದ್ದರು. ಅದೂ ನೆನಪಿರಲಿಲ್ಲ. "ಬರಗೂರಿಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದೆ.

"ಒಂದು ಗಂಟೆಗೆ ಒಂದಿದೆ. ಇದ್ದಿಲು ಹತ್ತಿದ್ರೆ ಒಂದು, ಇಲ್ಲಾಂದ್ರೆ ಎರಡು. ಯಾಕಮ್ಮಾ, ಮುಖ ಹಿಂಗಾಯ್ತು?"

ಆಯಾಳನ್ನು ಕರೆದು ಎಲ್ಲ ಹೇಳಿದೆ. ಆಕೆ ಸೊಂಟಕ್ಕೆ ಕೈಯಿಟ್ಟು ಕೇಳಿ, ಒಳಗೆ ಹೋಗಿ ತನ್ನ ಎಲೆಯಡಿಕೆ ಚೀಲ ತಂದಳು. "ಯಜಮಾನ್ರು ಇಲ್ದಾಗ ಬಸ್ ಹತ್ತಿ ಹೋದ್ರೆ ಊರೆಲ್ಲ ಮಾತಾಡ್ತಾರೆ ಕಣಮ್ಮ. ಮಾತಾಡ್ಲಿ ಬುಡು. ನಾನಿದೀನಿ, ನಡಿ."

ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುವ ಬಸ್ಸು ಅದು; ಹೊರಟದ್ದು ಒಂದೂವರೆಗೆ. ಹಿಂದುಗಡೆಯ ಒಲೆಯಿಂದ ಹೊಗೆ ಒಳಗೇ ಬರುತ್ತಿತ್ತು. ಸಣ್ಣ ದಿಣ್ಣೆ ಬಂದರೂ ಅದಕ್ಕೆ ಏದುಸಿರು. ಎರಡು ಕಡೆ ಗಂಡಸರು ಇಳಿದು ತಳ್ಳಿದರು. ನಾನು ಮಡಿಲಲ್ಲಿ ಕೈ ಬಿಗಿದುಕೊಂಡು ಲೆಕ್ಕ ಹಾಕುತ್ತಿದ್ದೆ. ಅವರು ಊರು ಸೇರಿದ್ದು ಹನ್ನೆರಡಕ್ಕೆ. ಒಲೆ ಹೊತ್ತಿಸಿ, ಕುದಿಸಿ, ಆರಿಸುವಷ್ಟರಲ್ಲಿ ಒಂದು. ಒಂದರಿಂದ ಈಗಿನ ತನಕ ಎಷ್ಟು ಚಮಚ? ಚಮಚಕ್ಕೆ ಎಷ್ಟು ಗ್ರೇನು? ಸೊಸೆ ಸೋಮಾರಿಯಾಗಿರಲಿ, ಅಜ್ಜಿ ಮರೆತಿರಲಿ, ಒಲೆ ಹೊತ್ತದಿರಲಿ ಎಂದು ಬೇಡಿಕೊಂಡೆ. ಆದರೆ ಅಜ್ಜಿ ಮೂರು ಸಲ ಹೇಳಿ ಒಪ್ಪಿಸಿದ್ದು ನೆನಪಾಯಿತು. ಅಂಥವಳು ಮರೆಯುತ್ತಾಳೆಯೇ?

"ಅಳೋದಾದ್ರೆ ಈಗ್ಲೇ ಅತ್ತು ಮುಗಿಸ್ಬುಡು" ಎಂದಳು ಆಯಾ, ಅಡಿಕೆ ಜಗಿಯುತ್ತ. "ಅಲ್ಲಿ ಹೋದ್ಮೇಲೆ ಕಣ್ಣೀರು ಹಾಕ್ಬ್ಯಾಡ. ಡಾಕ್ಟ್ರಮ್ಮ ಅತ್ರೆ ಮಗ ಸತ್ತೇಹೋಯ್ತು ಅಂತ ಅವ್ರೂ ಬಾಯ್ ಬಡ್ಕೋತಾರೆ."

ಬಸ್ಸು ಇಳಿದಾಗ ಬಿಸಿಲು ಇನ್ನೂ ಕಾದ ಹೆಂಚಿನಂತಿತ್ತು. ಅಜ್ಜಿಯ ಮನೆ ಎಲ್ಲಿ ಎಂದು ಕೇಳಿ ನಡೆದೆವು. ಬೀದಿಯ ತಿರುವಿನಲ್ಲಿ ಹೆಂಗಸರ ಕೂಗು ಕೇಳಿಸಿತು, ಎರಡು ಮೂರು ದನಿ ಒಟ್ಟಿಗೆ. ನಾನು ಅಲ್ಲಿಯೇ ನಿಂತೆ. ಆಯಾ ರಟ್ಟೆ ಹಿಡಿದು ಎಳೆದಳು. ತಿರುವು ದಾಟಿ ನೋಡಿದರೆ ಇಬ್ಬರು ಹೆಂಗಸರು ಒಂದು ಕೋಳಿಯ ವಿಷಯಕ್ಕೆ ಜಗಳವಾಡುತ್ತಿದ್ದರು. ಅವರ ಜಗಳದಷ್ಟು ಇಂಪಾದ ದನಿ ನಾನು ಕೇಳಿದ್ದಿಲ್ಲ. ಆದರೆ ಮುಂದಿನ ಮನೆಯೇ ಅಜ್ಜಿಯದು, ಅಲ್ಲಿಂದ ಯಾವ ಸದ್ದೂ ಇಲ್ಲ.

ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಸೊಸೆ ಗೋಡೆಗೆ ಒರಗಿ ಕೂತಿದ್ದಳು, ಮಗು ಮಡಿಲಲ್ಲಿ. ಪಕ್ಕದಲ್ಲಿ ಬೂದಿ ಹಾಕಿ ಥಳಥಳ ಬೆಳಗಿದ ಒಂದು ಪುಟ್ಟ ಹಿತ್ತಾಳೆ ಪಾತ್ರೆ. ಸಾಬರ ಅಳತೆಯಷ್ಟೇ ದೊಡ್ಡದು. ಅದರಲ್ಲಿ ನೀರು ಅರ್ಧಕ್ಕೂ ಕೆಳಗೆ ಇಳಿದಿತ್ತು.

"ಅಯ್ಯೋ, ಅಮ್ಮಾವ್ರು ಬಂದ್ಬುಟ್ರಾ!" ಎಂದು ಅಜ್ಜಿ ಸಡಗರದಿಂದ ಚಾಪೆ ಹಾಸಿದಳು. "ನೋಡಿ, ನೀವು ಹೇಳ್ದಂಗೇ ಮಾಡಿವ್ನಿ. ಎಣ್ಣೆ ವಾಸ್ನೆ ಇರ್ಬಾರ್ದು ಅಂತ ಮೂರು ಸಲ ಬೆಳಗಿದೆ. ಕೊಟ್ಟಂಗೆಲ್ಲ ಬಾಯ್ ಬಿಡ್ತೈತೆ ಮಗ. ಸಾಕು ಅಂತಾನೇ ಇಲ್ಲ."

ನಾನು ಆ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ. ಕಣ್ಣೀರಿಗಿಂತ ಉಪ್ಪು. ಮಗುವಿನ ತುಟಿಯ ಒಳಗೆ ಬೆರಳಿಟ್ಟೆ. ಒಣಗಿದ ಬಟ್ಟೆ ಮುಟ್ಟಿದ ಹಾಗಿತ್ತು. ಅಳುತ್ತಿತ್ತು, ಆದರೆ ಕಣ್ಣಲ್ಲಿ ನೀರಿರಲಿಲ್ಲ. ನೆತ್ತಿಯಲ್ಲಿ ಹೆಬ್ಬೆರಳು ಕೂರುವಷ್ಟು ಕುಳಿ.

"ಉಚ್ಚೆ ಹೊಯ್ದು ಎಷ್ಟೊತ್ತಾಯ್ತು?" ಎಂದು ಆಯಾ ಸೊಸೆಯನ್ನು ಕೇಳಿದಳು.

"ಬಸ್ಸಿನಾಗೆ ಒಂದ್ ದಪ ಹೊಯ್ತು. ಆಮ್ಯಾಕೆ ಇಲ್ಲ."

"ಎದೆಹಾಲು?"

"ಬೇರೆ ಏನೂ ಬ್ಯಾಡ ಅಂದಿದ್ರಲ್ಲ ಅಮ್ಮಾವ್ರು. ಬುಡ್ಸಿವ್ನಿ" ಎಂದಳು ಅಜ್ಜಿ.

ಅದೂ ನನ್ನ ಬಾಯಿಂದ ಹೋದದ್ದೇ. ನಾನು ಪಾತ್ರೆ ಎತ್ತಿಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದೆ. ಅಜ್ಜಿ ಕೂಗಿಕೊಂಡಳು, "ಅಯ್ಯಯ್ಯೋ, ಔಷಧಿ!"

ನಾನು ಬಾಯಿ ತೆರೆಯುವ ಮೊದಲೇ ಆಯಾ ಮಾತಿಗೆ ಬಂದಳು. "ಡಾಕ್ಟ್ರು ಬ್ಯಾರೆ ಥರ ಹೇಳಿ ಕಳ್ಸವ್ರೆ. ಈಗ ಬರೀ ನೀರು, ಎದೆಹಾಲು. ಒಲೆ ಹಚ್ಚಮ್ಮಿ, ನಿಂತ್ಕಬ್ಯಾಡ." ಆ ಸುಳ್ಳಿನ ಮರೆಯಲ್ಲಿ ನಿಂತುಕೊಳ್ಳಲು ನನಗೆ ನಾಚಿಕೆಯೂ ಆಗಲಿಲ್ಲ. ಅಷ್ಟು ಭಯ.

ನೀರು ಕುದಿಯಿತು. ಎರಡು ಲೋಟಗಳಲ್ಲಿ ಎತ್ತಿ ಹೊಯ್ದು ಆರಿಸಿದೆವು. ಬೇಗ ಬೇಗ ಸುರಿಯಬೇಕು ಅನ್ನಿಸುತ್ತಿತ್ತು. ಆದರೆ ಒಂದೇ ಸಲಕ್ಕೆ ಬರಿಯ ನೀರು ತುಂಬಿದರೆ ಅದೂ ಕೇಡು ಎಂದು ಯಜಮಾನರು ಯಾವಾಗಲೋ ಹೇಳಿದ್ದ ನೆನಪು. ಒಂದು ಚಮಚ, ನೂರು ಎಣಿಸುವುದು, ಮತ್ತೊಂದು ಚಮಚ. ನಡುನಡುವೆ ತಾಯಿಯ ಎದೆ. ಮೊದಲ ಸಲ ಮಗು ಎದೆಗೆ ಬಾಯಿಟ್ಟು, ಚೀಪಲು ಶಕ್ತಿಯಿಲ್ಲದೆ ಬಿಟ್ಟಿತು. ಎರಡನೆಯ ಸಲ ವಾಂತಿ ಮಾಡಿತು. ಸೊಸೆ ನನ್ನ ಮುಖ ನೋಡಿದಳು. ನಾನು ಮಗುವಿನ ಪಾದ ನೋಡಿದೆ. ಅದರ ಕಿರುಬೆರಳಿಗೆ ದೃಷ್ಟಿಯಾಗದಿರಲಿ ಎಂದು ಕಪ್ಪು ದಾರ ಕಟ್ಟಿದ್ದರು. ದಾರ ಸಡಿಲಾಗಿ ಜಾರುತ್ತಿತ್ತು.

ಆಮೇಲೆ ಮಗುವನ್ನು ನಾನೇ ಮಡಿಲಿಗೆ ತೆಗೆದುಕೊಂಡೆ. ಸೊಸೆ ಬಳಲಿದ್ದಳು. ಎಷ್ಟು ಹಗುರ! ಎಣಿಸುತ್ತ ಎಣಿಸುತ್ತ ನಡುವೆ ಲೆಕ್ಕ ತಪ್ಪುತ್ತಿತ್ತು. ಮತ್ತೆ ಒಂದರಿಂದ ಶುರು. ಅದು ಒಂದು ಸಲ ಮೈ ಬಿಗಿದು ಬೆಚ್ಚಿತು. ಸೆಟೆದುಕೊಂಡಿತು ಅಂದುಕೊಂಡೆ. ಬರೀ ಬಿಕ್ಕಳಿಕೆ. ಆಯಾ ಬಾಗಿಲ ಬಳಿ ಕೂತು ಅಜ್ಜಿಗೆ ಏನೇನೋ ಊರ ಸುದ್ದಿ ಹೇಳುತ್ತಿದ್ದಳು, ಆದರೆ ಎಲೆಗೆ ಸುಣ್ಣ ಹಚ್ಚುವುದನ್ನು ಮರೆತು ಬರೀ ಎಲೆಯನ್ನೇ ಮಡಿಸುತ್ತಿದ್ದಳು.

ದನಗಳು ಮನೆಗೆ ಬರುವ ಹೊತ್ತು. ಸೊಸೆ ದೀಪದ ಬುರುಡೆ ಒರೆಸುತ್ತಿದ್ದಳು. ಆಗ ನನ್ನ ತೊಡೆಯ ಮೇಲೆ ಏನೋ ಬೆಚ್ಚಗಾಯಿತು. ಮೊದಲು ಚಮಚದ ನೀರು ಚೆಲ್ಲಿತು ಅಂದುಕೊಂಡೆ. ಆಮೇಲೆ ಸೀರೆಯ ಮೇಲೆ ಅಂಗೈಯಗಲ ಹರಡಿತು. ಮಗು ಉಚ್ಚೆ ಹೊಯ್ದಿತ್ತು.

"ಹೊಯ್ತು! ಹೊಯ್ತು ಕಣ್ರೇ!" ಎಂದು ನಾನು ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಆಯಾ ಬಂದು ಸೀರೆ ಮುಟ್ಟಿ, ಮೂಸಿ ನೋಡಿ, "ಗಂಗಮ್ಮ ಬಂದ್ಲು" ಎಂದು ಅಲ್ಲೇ ಕುಕ್ಕರಿಸಿದಳು. ಬಸ್ಸಿನಲ್ಲಿ ಕಟ್ಟಿಟ್ಟಿದ್ದ ಅಳು ನನಗೆ ಆಗ ಬಂತು. ಅಳುತ್ತಲೇ ಅಜ್ಜಿಗೆ ಹೇಳಿಬಿಟ್ಟೆ: ಡಾಕ್ಟರು ಬೇರೆ ಏನೂ ಹೇಳಿ ಕಳಿಸಿಲ್ಲ, ತಪ್ಪು ನನ್ನದು, ನಾನು ಹೇಳಿದ ಸೇರು ಬೇರೆ, ನೀವು ಹಾಕಿದ ಸೇರು ಬೇರೆ.

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. "ಸೇರು ಅಂದ್ರೆ ಸೇರಲ್ವಾ?" ಎಂದಳು. ನಾನು ಮೂಲೆಯಲ್ಲಿದ್ದ ರಾಗಿ ಅಳೆಯುವ ಸೇರು ತೋರಿಸಿದೆ. ಆಕೆ ಅದನ್ನು ತಂದು, ಆ ಹಿತ್ತಾಳೆ ಪಾತ್ರೆಯಲ್ಲಿ ಕೊಡದಲ್ಲಿದ್ದ ನೀರು ತುಂಬಿ ತುಂಬಿ ಅದಕ್ಕೆ ಸುರಿದಳು. ಒಂದು. ಎರಡು. ಮೂರು. ಇನ್ನೂ ತುಂಬಿರಲಿಲ್ಲ. ಆಕೆ ಸೇರಿನೊಳಗೆ ನೋಡಿದಳು, ನನ್ನನ್ನು ನೋಡಿದಳು. ಬಂದು ಬಗ್ಗಿ, ನನ್ನ ಮಡಿಲಿಂದ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅವತ್ತು ವಾಪಸು ಬಸ್ಸಿರಲಿಲ್ಲ. ಜಗಲಿಯ ಮೇಲೆ ಚಾಪೆ, ಮುದ್ದೆ, ಸೊಪ್ಪಿನ ಸಾರು ಎಲ್ಲ ಬಂತು, ಅಜ್ಜಿ ಬರಲಿಲ್ಲ. ಸೊಸೆ ಬಡಿಸುತ್ತ ಮೆಲ್ಲಗೆ, "ಈಗ ಎದೆ ಕಚ್ತೈತೆ ಕಣಕ್ಕ, ಜೋರಾಗಿ" ಎಂದು ಹೇಳಿಹೋದಳು.

ಬೆಳಿಗ್ಗೆ ನಾನು ಮುಖ ತೊಳೆಯುತ್ತಿದ್ದಾಗ ಅಜ್ಜಿ ಹೊರಗೆ ಬಂದಳು. ಒಂದು ಕೈಯಲ್ಲಿ ಉಳಿದ ಪೊಟ್ಟಣಗಳು, ಇನ್ನೊಂದರಲ್ಲಿ ರಾಗಿ ಸೇರು, ತೊಳೆದದ್ದು.

"ಭೇದಿ ಇನ್ನೂ ನಿಂತಿಲ್ಲ. ಈ ಉಪ್ಪು ಕೊಡ್ಬೇಕೋ ಬ್ಯಾಡ್ವೋ?"

"ಕೊಡಬೇಕು" ಎಂದೆ.

"ಅಂಗಾದ್ರೆ ನೀನೇ ಕಲಸು. ನನ್ ಕಣ್ಮುಂದೆ."

ನಿನ್ನೆಯ ತನಕ ಅಮ್ಮಾವ್ರೇ ಎನ್ನುತ್ತಿದ್ದವಳು ಈಗ ನೀನು ಅಂದಳು. ನಾನು ಕುದಿಸಿ ಆರಿಸಿದ ನೀರನ್ನು ಆ ಸೇರಿನ ಕಂಠದ ತನಕ ಹೊಯ್ದೆ. ಪೊಟ್ಟಣ ಬಿಚ್ಚಿದೆ. ಲೆಕ್ಕ ಸರಿಯೆಂದು ಗೊತ್ತು. ನಿನ್ನೆ ಬೆಳಿಗ್ಗೆಯೂ ಹಾಗೆಯೇ ಗೊತ್ತಿತ್ತು. ಉಪ್ಪು ಸುರಿಯುವಾಗ ಸ್ವಲ್ಪ ಕಾಗದದ ಮಡಿಕೆಯಲ್ಲಿ ಉಳಿಯಿತು. ಅದನ್ನು ಬೆರಳಿಂದ ತಟ್ಟಿ ಹಾಕಲೋ, ಬಿಡಲೋ ಎಂದು ತೋಚದೆ ಕೂತೆ. ಕೊನೆಗೆ ತಟ್ಟಿದೆ.

ಅಜ್ಜಿ ಚಮಚ ನನ್ನ ಮುಂದೆ ಹಿಡಿದಳು. "ಮೊದ್ಲು ನೀನು ಕುಡಿ."

ಕುಡಿದೆ. ಉಪ್ಪು ಇದೆಯೋ ಇಲ್ಲವೋ ಎನ್ನುವಷ್ಟು. ಆಕೆಯೂ ಒಂದು ಚಮಚ ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ತುಂಬ ಹೊತ್ತು ಆಡಿಸಿ, ನುಂಗಿ, ಚಮಚವನ್ನು ಸೊಸೆಯ ಕೈಗೆ ಕೊಟ್ಟಳು. ಬಸ್ಸಿನ ಹಾರನ್ನು ಕೇಳಿಸಿತು. ಆಯಾ ಚೀಲ ಹಿಡಿದು ಎದ್ದು ನಿಂತಳು. ನಾನು ಏಳಲಿಲ್ಲ. ಮಗು ಒಂದು ಚಮಚ ನುಂಗಿತು. ಇನ್ನೊಂದು ನುಂಗಿತು. ಮೂರನೆಯದಕ್ಕೆ ಬಾಯಿ ಮುಚ್ಚಿ, ಮುಖ ತಿರುಗಿಸಿ, ಸಾಕು ಎನ್ನುವಂತೆ ಚಮಚವನ್ನು ಕೈಯಿಂದ ತಳ್ಳಿತು. ಅಜ್ಜಿ ನನ್ನ ಕಡೆ ನೋಡದೆಯೇ ಹೇಳಿದಳು, "ಹೋಗು, ಬಸ್ಸು ತಪ್ಪೋಯ್ತದೆ."